ಸಹಾಯ ಬೇಕು: ಭೂಮಿ ಹುಣ್ಣಿಮೆಗೆ ಜೈನ ನೆಂಟರು, ಏನು ಅಡುಗೆ ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಕಡೆ ಹಳ್ಳಿ. ಭೂಮಿ ಹುಣ್ಣಿಮೆ ಅಂದ್ರೆ ಪೈರು ಹೊತ್ತ ಭೂಮಿಗೆ ಬಸುರಿಯಂತೆ ಸೀಮಂತ ಮಾಡೋ ನಮ್ಮ ಕಡೆ ಹಬ್ಬ. ಈ ಸಲ ಹಬ್ಬಕ್ಕೆ ಮಗಳ ಗೆಳತಿ, ಅವಳ ಅಪ್ಪ-ಅಮ್ಮ ಬರ್ತಿದಾರೆ. ಜೈನರು, ಅದರಲ್ಲೂ ತಾಯಿ ತುಂಬಾ ಕಟ್ಟುನಿಟ್ಟು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ-ಗೆಣಸು ಮುಟ್ಟಲ್ಲ, ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಇಷ್ಟು ಗೊತ್ತು, ಸುವರ್ಣಗೆಡ್ಡೆ ಪಲ್ಯ ಬಿಟ್ಟರಾಯ್ತು.

ತಲೆಬಿಸಿ ಇರೋದು ಬೇರೆ. ನಮ್ಮ ಹಬ್ಬದ ಜೀವಾಳವೇ ಬೆರಕೆ ಸೊಪ್ಪು, ಅಂದ್ರೆ ಹಲವು ಬಗೆಯ ಸೊಪ್ಪು ಕೂಡಿಸಿ ಮಾಡೋದು. ಆದರೆ ಈ ಹುಣ್ಣಿಮೆ ಬರೋದು ಚಾತುರ್ಮಾಸದೊಳಗೆ, ಜೈನರು ವ್ರತ-ನಿಯಮ ಹೆಚ್ಚು ಪಾಲಿಸೋ ಮಳೆಗಾಲದ ನಾಲ್ಕು ತಿಂಗಳಲ್ಲಿ. ಆಗ ಹಲವರು ಸೊಪ್ಪನ್ನೇ ಬಿಡ್ತಾರಂತೆ. ಮೇಲಾಗಿ ನಾವು ಅಡುಗೆ ಮಾಡೋದೇ ರಾತ್ರಿಯಿಡೀ, ಬೆಳಕು ಹರಿಯೋ ಮೊದಲು ಗದ್ದೆಗೆ ಹಚ್ಚಂಬಲಿ (ಭೂಮಿತಾಯಿಗೆ ಅಂತ ಸೊಪ್ಪು ಹಾಕಿ ಬೇಯಿಸಿದ ಎಡೆ) ಬೀರಬೇಕಲ್ಲ. ರಾತ್ರಿ ಬೇಯಿಸಿದ್ದನ್ನ ಅವರು ಉಣ್ತಾರಾ?

ಭೂಮಿತಾಯಿಯ ಪಾಲು ಎಂದಿನಂತೆ ರಾತ್ರಿಯೇ ಮಾಡಿ, ಅವರಿಗೆ ಹೊತ್ತು ಹುಟ್ಟಿದ ಮೇಲೆ ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಕಡುಬು ಬೇಯಿಸೋಣ ಅಂತಿದೀನಿ. ಅಕ್ಕಿ ತರಿ, ಬೆಲ್ಲ, ಕಾಯಿತುರಿ ಅಷ್ಟೇ, ಹುಳಿ ಬರಿಸೋದೂ ಇಲ್ಲ. ಆದರೆ ಅರಿಶಿನ ಎಲೆಯಲ್ಲಿ ಕಟ್ಟಬಹುದಾ, ಬಾಳೆ ಎಲೆಯೇ ಸೇಫಾ? ಒಣ ಅರಿಶಿನ, ಒಣಶುಂಠಿ ಹೆಚ್ಚಿನವರಿಗೆ ನಡೆಯುತ್ತೆ, ಹಸಿಯದು ಇಲ್ಲ ಅಂತಾರೆ. ಎಲೆ ವಿಷಯ ಯಾರೂ ಹೇಳಿಲ್ಲ.

ಅವರನ್ನೇ ಕೇಳಿ ಅನ್ನಬೇಡಿ. ಕೇಳಿದ್ರೆ "ತೊಂದ್ರೆ ತಗೋಬೇಡಿ, ಅನ್ನ-ಮೊಸರು ಸಾಕು" ಅಂತಾರೆ. ಭೂಮಿಗೆ ಸೀಮಂತ ಮಾಡೋ ದಿನ ನೆಂಟರ ಎಲೆಗೆ ಅನ್ನ-ಮೊಸರು ಹಾಕಕ್ಕೆ ನನಗಂತೂ ಮನಸ್ಸಿಲ್ಲ.

ಹುಂಚ, ತೀರ್ಥಹಳ್ಳಿ ಕಡೆಯ ಜೈನ ಮನೆಯ ಅಕ್ಕಂದಿರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಹೀರೆಕಾಯಿ, ಬಾಳೆಕಾಯಿ, ಮೊಗೆಕಾಯಿ ಹಿತ್ತಲಲ್ಲೇ ಇದೆ. ಈ ದಿನಗಳಲ್ಲಿ ನಿಮ್ಮಲ್ಲಿ ಹಬ್ಬದೂಟಕ್ಕೆ ಏನೇನು ಮಾಡ್ತೀರಿ?