‘ತ್ಯಾಗ’ ಮತ್ತು ‘ಬಲಿ’: ಕಳೆದುಕೊಂಡವರನ್ನು ತ್ಯಾಗಿಗಳು ಎನ್ನಬಹುದೇ?

ಮಾನ್ಯರೇ,

ಶರಾವತಿ ಮುಳುಗಡೆ ಪ್ರದೇಶದ ಕುರಿತ ಸ್ಮರಣ ಸಂಚಿಕೆಯೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ‘ನಾಡಿಗೆ ಬೆಳಕು ನೀಡಲು ಮನೆಮಠ ತ್ಯಾಗ ಮಾಡಿದ ಸಂತ್ರಸ್ತರು’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ವೇದಿಕೆಯ ಭಾಷಣಗಳಲ್ಲಂತೂ ಇದು ರೂಢಿಯೇ ಆಗಿಬಿಟ್ಟಿದೆ. ಆದರೆ 1964ರಲ್ಲಿ ಲಿಂಗನಮಕ್ಕಿ ಜಲಾಶಯ ಪೂರ್ಣಗೊಂಡು ಸಾಗರ, ಹೊಸನಗರ ಸೀಮೆಯ ಊರುಗಳು ನೀರಿನಡಿಗೆ ಹೋದಾಗ ಗಂಟುಮೂಟೆ ಕಟ್ಟಿಕೊಂಡು ಹೊರಟ ಕುಟುಂಬಗಳಿಗೆ ಆ ನಿರ್ಧಾರ ಮೇಲಿನಿಂದ ಬಂದದ್ದೇ ಹೊರತು ಅವರು ಕೈಗೊಂಡದ್ದಲ್ಲ, ಮತ್ತು ಅವರಲ್ಲಿ ಅನೇಕರ ಹಕ್ಕುಪತ್ರದ ತಕರಾರು ಇಂದಿಗೂ ಬಗೆಹರಿದಿಲ್ಲ. ಒಬ್ಬರಿಂದ ಪಡೆದುಕೊಂಡದ್ದನ್ನು ಅವರ ತ್ಯಾಗವೆಂದು ಬರೆಯುವುದು ಕನ್ನಡದ ಪ್ರಯೋಗಕ್ಕೆ ಒಗ್ಗುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಕ್ರಿಯಾಪದಗಳನ್ನು ನೋಡಿದರೆ ಒಗ್ಗುವುದಿಲ್ಲವೆಂದೇ ತೋರುತ್ತದೆ. ‘ಬಲಿ’ಗೆ ಕೊಡು, ಆಗು, ತೆಗೆದುಕೊಳ್ಳು ಎಂಬ ಮೂರೂ ಹೊಂದುತ್ತವೆ, ಕೊಡುವವನೊಬ್ಬ, ಆಗುವವನು ಇನ್ನೊಬ್ಬ. ಅಪಘಾತವೂ ಜನರನ್ನು ಬಲಿ ತೆಗೆದುಕೊಳ್ಳುತ್ತದೆ. ‘ತ್ಯಾಗ’ಕ್ಕೆ ಹೊಂದುವುದು ‘ಮಾಡು’ ಒಂದೇ. ಯಾರೂ ತ್ಯಾಗವಾಗುವುದಿಲ್ಲ, ಯಾರನ್ನೂ ತ್ಯಾಗ ತೆಗೆದುಕೊಳ್ಳಲಾಗದು. ಪದತ್ಯಾಗ, ಸಭಾತ್ಯಾಗ, ದೇಹತ್ಯಾಗ ಎಲ್ಲದರಲ್ಲೂ ಬಿಡುವವನೇ ಕರ್ತೃ. ಅದೇ ಧಾತುವಿನಿಂದ ಬಂದ ‘ತ್ಯಾಜ್ಯ’ ನಗರಪಾಲಿಕೆಯ ಕಸದ ಲಾರಿ ಹತ್ತಿದೆ, ಅದು ಬೇರೆ ಮಾತು.

ಈ ಕಟ್ಟುಪಾಡಿನ ಮೂಲ ಯಜ್ಞದಲ್ಲಿದೆಯೆಂದು ನನ್ನ ಭಾವನೆ. ದೇವತೆಯನ್ನು ಉದ್ದೇಶಿಸಿ ದ್ರವ್ಯವನ್ನು ಬಿಡುವುದೇ ಯಾಗ ಎಂಬುದು ಯಜ್ಞವಿಧಿಗಳನ್ನು ವಿಚಾರಿಸುವ ಮೀಮಾಂಸಕರ ನಿರೂಪಣೆ. ಹೋಮದಲ್ಲಿ ತುಪ್ಪ ಹೊಯ್ಯುವ ಕೈ ಋತ್ವಿಜನದ್ದಾಗಿರಬಹುದು, ಅಂದರೆ ಯಜ್ಞ ನಡೆಸಿಕೊಡುವ ಪುರೋಹಿತನದ್ದಾಗಿರಬಹುದು, ‘ಅಗ್ನಯೇ ಸ್ವಾಹಾ’ ಎಂಬ ಮಂತ್ರವೂ ಅವನದೇ ಆಗಿರಬಹುದು. ಆದರೆ ಅದರ ಬೆನ್ನಿಗೇ ಬರುವ ‘ಅಗ್ನಯೇ ಇದಂ ನ ಮಮ’, ಅಂದರೆ ಇದು ಅಗ್ನಿಗೆ, ನನ್ನದಲ್ಲ, ಎಂಬ ಮಾತು ಯಜ್ಞ ಮಾಡಿಸುವ ಯಜಮಾನನದು, ಮತ್ತು ಶಾಸ್ತ್ರದ ಪರಿಭಾಷೆಯಲ್ಲಿ ಆ ಮಾತಿಗೇ ತ್ಯಾಗವೆಂದು ಹೆಸರು. ಈಗಿನ ಗೃಹಪ್ರವೇಶಗಳಲ್ಲಿ ಯಜಮಾನರು ಅತಿಥಿಗಳತ್ತ ನೋಡುತ್ತಿರುವಾಗ ಪುರೋಹಿತರು ಅದನ್ನೂ ತಾವೇ ಹೇಳಿ ಮುಗಿಸುವುದುಂಟು. ಶಾಸ್ತ್ರದ ಪ್ರಕಾರ ನೋಡಿದರೆ ಹೊಯ್ಯುವುದನ್ನು ಇನ್ನೊಬ್ಬರಿಗೆ ವಹಿಸಬಹುದು, ‘ನನ್ನದಲ್ಲ’ ಎನ್ನುವುದು ಮಾತ್ರ ಒಡೆಯನ ಪಾಲಿಗೇ ಉಳಿಯುತ್ತದೆ.

ಹಳಗನ್ನಡದಲ್ಲಿ ಇದೇ ಪದದ ತದ್ಭವವಾದ ‘ಚಾಗ’ಕ್ಕೆ ನೋವಿನ ಛಾಯೆಯೇ ಇಲ್ಲ. ಪಂಪನು ಬನವಾಸಿಯ ಜನರನ್ನು ಹೊಗಳುವಾಗ ‘ಚಾಗದ ಭೋಗದ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ನಾವು ಎದುರುಬದುರು ನಿಲ್ಲಿಸುವ ಇವೆರಡು ಅವನಿಗೆ ಜೊತೆಗಾರರು. ಅಲ್ಲಿ ಚಾಗವೆಂದರೆ ಧಾರಾಳವಾಗಿ ಕೊಡುವ ಗುಣ. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲಿರುವ, ಚಾವುಂಡರಾಯನು ದಾನ ಹಂಚಿದ ಸ್ಥಳವೆಂದು ಪ್ರತೀತಿಯಿರುವ ‘ಚಾಗದ ಕಂಬ’ವೂ ಈ ಅರ್ಥಕ್ಕೇ ಸಾಕ್ಷಿ. (ಆ ಕಂಬದ ಮೇಲಿದ್ದ ಚಾವುಂಡರಾಯನ ಶಾಸನದ ಬಹುಭಾಗವನ್ನು ಮುಂದೆ ಹೆಗ್ಗಡೆ ಕಣ್ಣನೆಂಬವನು ತನ್ನ ಚಿಕ್ಕದೊಂದು ಬರಹಕ್ಕಾಗಿ ಅಳಿಸಿಹಾಕಿದನೆಂದು ಶಾಸನತಜ್ಞರು ಊಹಿಸಿದ್ದಾರೆ, ಚಾಗದ ಕಂಬಕ್ಕೆ ಒದಗಿದ ಗತಿ ಇದು.)

ಪತ್ರಿಕೆಗಳು ಬಕ್ರೀದನ್ನು ‘ತ್ಯಾಗ ಬಲಿದಾನದ ಹಬ್ಬ’ ಎಂದು ಬರೆಯುವಾಗ ಎರಡು ಪದಗಳನ್ನು ಜೋಡಿಸುವುದು ವ್ಯರ್ಥ ದ್ವಿರುಕ್ತಿಯೆಂದು ನನಗೆ ಅನಿಸುವುದಿಲ್ಲ. ಕುರಾನಿನ 37ನೇ ಅಧ್ಯಾಯದಲ್ಲಿ ಇಬ್ರಾಹಿಮರು ತಮ್ಮ ಕನಸನ್ನು ಮಗನಿಗೆ ತಿಳಿಸಿ ನಿನ್ನ ಅಭಿಪ್ರಾಯವೇನೆಂದು ಕೇಳುತ್ತಾರೆ, ಮಗನು ಆಜ್ಞೆಯಾದಂತೆ ಮಾಡಿರೆನ್ನುತ್ತಾನೆ. ಬಲಿಯಾದದ್ದು ಪ್ರಾಣಿ, ತ್ಯಾಗ ತಂದೆ ಮಗನದು. ಕ್ಯಾಥೊಲಿಕರ ‘ಬಲಿಪೂಜೆ’ಯಲ್ಲಿಯೂ ಬಲಿಯಾಗುವ ಕ್ರಿಸ್ತನೇ ಅರ್ಪಿಸುವವನು, ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿ ಕೊಡುತ್ತೇನೆ ಎಂಬ ಅರ್ಥದ ಅವನ ಮಾತು ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ.

ತೊಡಕಿರುವುದು ‘ಕೆರೆಗೆ ಹಾರ’ವೆಂಬ ಜನಪದ ಹಾಡಿನಲ್ಲಿ. ಕಲ್ಲನಕೇರಿಯ ಗೌಡರ ಮನೆಯವರು ನೀರಿಲ್ಲದ ಕೆರೆಗೆ ಕಿರಿಸೊಸೆ ಭಾಗೀರಥಿಯನ್ನು ಕೊಡುವುದೆಂದು ತಾವೇ ಗೊತ್ತುಮಾಡುತ್ತಾರೆ. ಅವಳಿಗೆ ಸುದ್ದಿ ತಿಳಿದಿದೆ, ತವರಿಗೆ ಹೋಗಿ ಗೆಳತಿಯ ಮುಂದೆ ಹೇಳಿಕೊಳ್ಳುತ್ತಾಳೆ, ಆದರೂ ಮರಳಿ ಬಂದು ಗಂಗೆಯ ಪೂಜೆಗೆ ನಡೆಯುತ್ತಾಳೆ, ಮರೆತ ಬಂಗಾರದ ಬಟ್ಟಲಿಗಾಗಿ ಕೆರೆಗೆ ಇಳಿಯುತ್ತಾಳೆ. ಅವಳನ್ನು ಕೇಳಿದವರಿಲ್ಲ, ಅವಳು ಒಲ್ಲೆನೆಂದದ್ದೂ ಇಲ್ಲ. ಭಾಗೀರಥಿಯ ತ್ಯಾಗವನ್ನು ಹೊಗಳುವ ಪ್ರಬಂಧಗಳು ಬೇಕಾದಷ್ಟಿವೆ, ಆದರೆ ಹಾಡು ಬಳಸುವುದು ‘ಹಾರ’ವೆಂಬ ಪದವನ್ನು, ‘ಕೊಡು’ ಎಂಬ ಕ್ರಿಯೆಯನ್ನು; ಕೊಡುವವರು ಅತ್ತೆಮಾವಂದಿರು. ಜನಪದರ ಕಿವಿ ನಮ್ಮ ಸಂಪಾದಕರ ಕಿವಿಗಿಂತ ಸೂಕ್ಷ್ಮವಾಗಿತ್ತೆಂದೇ ಹೇಳಬೇಕು.

ಕರಡಿನಲ್ಲಿ ‘ನಿಸ್ವಾರ್ಥ ತ್ಯಾಗ’ವೆಂಬ ಜೋಡಣೆಯೂ ಇದೆ. ಬಸವಣ್ಣನವರ ‘ಮಾಡಿದೆನೆಂಬುದು ಮನದಲ್ಲಿ ಹೊಳೆದೊಡೆ’ ಎಂಬ ವಚನದಲ್ಲಿರುವ ಎಚ್ಚರ ಇಲ್ಲಿಗೆ ಅನ್ವಯಿಸುವುದು ಕಷ್ಟ, ಏಕೆಂದರೆ ಮಾಡಿದೆನೆಂಬ ಅಹಂಕಾರವನ್ನು ಬಿಡಬೇಕಾದರೆ ಮೊದಲು ಮಾಡಿರಬೇಕು.

ಎದುರುಮಾತೂ ಉಂಟು. ಸಂತ್ರಸ್ತರೇ ತಮ್ಮ ಮನವಿಪತ್ರಗಳಲ್ಲಿ ‘ನಾವು ತ್ಯಾಗ ಮಾಡಿದವರು’ ಎಂದು ಬರೆಯುತ್ತಾರೆ. ಅವರ ಬಾಯಲ್ಲಿ ಆ ಪದ ಸರಿಯೇ: ಹೋದದ್ದನ್ನು ತಾವು ಕೊಟ್ಟದ್ದೆಂದು ಹೇಳಿಕೊಳ್ಳುವ ಹಕ್ಕು ಅವರಿಗಿದೆ, ಅದರ ಬೆನ್ನಿಗೇ ತಮಗೆ ಬರಬೇಕಾದದ್ದನ್ನು ಕೇಳುವ ಹಕ್ಕೂ ಇದೆ. ಪಡೆದುಕೊಂಡವರು ಅದೇ ಪದವನ್ನು ಹೇಳಿದಾಗ ಸಾಲ ತೀರಿತೆಂಬ ಧ್ವನಿ ಬರುತ್ತದೆ.

ಸಂಪಾದಕೀಯ ಬರಹಗಳಲ್ಲಿ ‘ತ್ಯಾಗ ಮಾಡಿದ’ ಎಂಬುದನ್ನು ತೆಗೆದು ‘ಕಳೆದುಕೊಂಡ’ ಎಂದು ತಿದ್ದಿ, ಸಂತ್ರಸ್ತರ ಸ್ವಂತ ಹೇಳಿಕೆಗಳಲ್ಲಿ ಇದ್ದಂತೆಯೇ ಬಿಡಬೇಕೆಂದಿದ್ದೇನೆ. ಒಬ್ಬರಿಂದ ಬಲವಂತವಾಗಿ ಪಡೆದದ್ದನ್ನು ಅವರ ‘ತ್ಯಾಗ’ ಅಥವಾ ‘ಚಾಗ’ ಎಂದು ಕರೆದ ಪ್ರಯೋಗ ಶಾಸನಗಳಲ್ಲಾಗಲಿ ನಡುಗನ್ನಡ ಕಾವ್ಯಗಳಲ್ಲಾಗಲಿ ಬಲ್ಲವರ ಕಣ್ಣಿಗೆ ಬಿದ್ದಿದ್ದರೆ, ಪದ್ಯ ಅಥವಾ ಶಾಸನದ ಸಂಖ್ಯೆಯೊಂದಿಗೆ ತಿಳಿಸಬೇಕಾಗಿ ವಿನಂತಿ.