ವೈನಿ, ಕಣ್ಣು ಚೆನ್ನಾಗಿರುವಾಗಲೇ ಶುರು ಮಾಡಿ

ವೈನಿ, ನಾನು ವಿಜಯಪುರದಿಂದ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮುಗಿಸಿ ಆರಾಮಾಗಿ ಕೂತು ಕೇಳಿ. ಇಳಕಲ್ಲಿನ ಮಹಿಳಾ ಸಂಘದವರು ಹುಡುಗಿಯರಿಗೆ ಕಸೂತಿ ಕಲಿಸಲು ನಿಮ್ಮನ್ನು ಕರೆದರಂತೆ, ನೀವು ಒಲ್ಲೆ ಅಂದಿರಂತೆ. "ಮೊಮ್ಮಗ ಶಾಲೆಗೆ ಹೋಗಲಿ, ಆಮೇಲೆ ನೋಡೋಣ" ಅಂತ ನಮ್ಮ ಮನೆಯವರ ಗ್ರೂಪಿನಲ್ಲಿ ಬರೆದಿದ್ದೀರಿ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿ ಬಿಟ್ಟರು. ನನಗೆ ಸುಮ್ನಿರಲು ಆಗಲಿಲ್ಲ.

ಹಪ್ಪಳ ಈ ಬೇಸಿಗೆಗೆ ಆಗದಿದ್ದರೆ ಮುಂದಿನ ಬೇಸಿಗೆಗೆ ಹಾಕಬಹುದು. ಕಸೂತಿಗೆ ಆ ಸವಲತ್ತು ಇಲ್ಲ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಉಳಿದವರೂ ಕೇಳಲಿ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು. ಎಲ್ಲೂ ಗಂಟು ಇರಬಾರದು, ಹಿಂದೆ ಮುಂದೆ ಒಂದೇ ತರ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಅದರಲ್ಲೂ ಕರಿ ಚಂದ್ರಕಾಳಿ ಸೀರೆ ಆದರೆ ಎಳೇ ಹುಡುಗಿಯರ ಕಣ್ಣೂ ಸೋಲುತ್ತದೆ. ನಿಮಗೆ ಚಾಳೀಸು ಬಂದು ಎಷ್ಟೋ ವರ್ಷ ಆಯಿತು. ಚಷ್ಮಾ ಹಾಕಿಕೊಂಡು ಈಗ ನಡೆಯುತ್ತಿದೆ. ಮೊಮ್ಮಗ ಶಾಲೆಗೆ ಹೋಗುತ್ತಾನೆ, ಆಮೇಲೆ ಅವನ ಪರೀಕ್ಷೆ, ಆಮೇಲೆ ಇನ್ನೊಂದು. ಮನೆಯಲ್ಲಿ ಕೆಲಸ ಮುಗಿದ ದಿನ ಅಂತ ಯಾವುದಿದೆ ಹೇಳಿ?

ದೊಡ್ಡತ್ತಿಯ ಸೆರಗು ನೆನಪಿದೆಯಾ? ಅದರ ಮೇಲೆ ತೇರು, ತುಳಸಿಕಟ್ಟೆ, ಅಂಬಾರಿ ಆನೆ ಇದ್ದವು. ಅವರು ಹೋದ ಮೇಲೆ ನೀವೇ ಕಿಟಕಿ ಹತ್ತಿರ ಕೂತು, ಸೆರಗು ತಿರುವಿ ಹಾಕಿ, ಉಗುರಿನಿಂದ ಒಂದೊಂದೇ ಎಳೆ ಎಣಿಸಿ ತೇರಿನ ಚಿತ್ರವನ್ನು ಮತ್ತೆ ಹಾಕಿದಿರಿ. ತುಳಸಿಕಟ್ಟೆಯೂ ಬಂತು. ಆನೆ ಮಾತ್ರ ಬರಲಿಲ್ಲ. ಕಾಲಿನ ಜಾಗದಲ್ಲಿ ಬಟ್ಟೆಯೇ ಸವೆದು ಹೋಗಿತ್ತು. ಅತ್ತಿಯನ್ನು ಯಾರೂ ಕೂರಿಸಿಕೊಂಡು ಕೇಳಿರಲಿಲ್ಲ. ಆ ಆನೆ ಈಗ ಯಾರಿಗೂ ಬರುವುದಿಲ್ಲ. ನಿಮ್ಮ ತೇರಿಗೂ ಹಾಗೇ ಆದರೆ ಅಂತ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರನ್ನು ನೋಡಿ. ವಕೀಲಿ ಕೆಲಸ, ಮನೆ ಸಂಸಾರ, ಊರಿನ ನೂರೆಂಟು ಜವಾಬ್ದಾರಿ. ಅದರ ನಡುವೆಯೇ ಊರೂರು ತಿರುಗಿ ವಚನದ ತಾಳೆಗರಿ ಹುಡುಕಿದರು. 1923ರಲ್ಲಿ ಅವರ ವಚನ ಸಂಗ್ರಹದ ಮೊದಲ ಭಾಗ ಅಚ್ಚಾದಾಗ ವಯಸ್ಸು 40 ದಾಟಿತ್ತು. ಅಚ್ಚುಕೂಟಕ್ಕಾಗಿ ಇದ್ದ ಮನೆ ಮಾರಿದರು. ಬಿಡುವಾಗಲಿ ಅಂತ ಅವರು ಕಾದಿದ್ದರೆ ಗೆದ್ದಲು ಕಾಯುತ್ತಿತ್ತಾ? ನೀವು ಮನೆ ಮಾರಬೇಕಿಲ್ಲ ವೈನಿ, ವಾರಕ್ಕೆ ಎರಡು ಮಧ್ಯಾಹ್ನ ಕೊಟ್ಟರೆ ಸಾಕು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ತಡೆಯುತ್ತಿರುವುದು ಮೊಮ್ಮಗ ಅಲ್ಲ ಅಂತ ನನಗನ್ನಿಸುತ್ತದೆ. "ನಾನು ಏಳನೇ ಇಯತ್ತೆ ಓದಿದವಳು, ಕಾಲೇಜು ಹುಡುಗಿಯರ ಮುಂದೆ ಏನು ಮಾತಾಡಲಿ" ಅಂತ ಒಮ್ಮೆ ಅವ್ವನ ಹತ್ತಿರ ಹೇಳಿದ್ದಿರಿ. ಮಾತಾಡುವುದೇ ಬೇಡ. ಎಳೆ ಎಣಿಸಲು ಸುಲಭವಾದ ಒಂದು ಮಟ್ಟಿ ಬಟ್ಟೆ ಹಿಡಿದು ಮುರ್ಗಿ ಹೊಲಿಗೆಯ ಮೆಟ್ಟಿಲು ಹಾಕಿ ತೋರಿಸಿ. ಅದಾದ ಮೇಲೆ ನೇಯ್ಗಿ, ಮೆಂತೆ ಹೊಲಿಗೆ. ಹುಡುಗಿಯರು ನಿಮ್ಮ ಬೆರಳು ನೋಡಿ ಕಲಿಯುತ್ತಾರೆ. ಅವ್ವನಿಂದ ನೀವು ಕಲಿತದ್ದೂ ಹಾಗೇ ಅಲ್ವಾ? ಯಾವ ಸರ್ಟಿಫಿಕೇಟ್ ಇತ್ತು ಅವ್ವನ ಹತ್ತಿರ?

ಒಂದೇ ಒಂದು ಕೆಲಸ ಜಾಸ್ತಿ ಮಾಡಬೇಕು. ನಿಮಗೆ ಬರುವ ಪ್ರತಿ ಚಿತ್ರವನ್ನೂ ಚೌಕಳಿ ಕಾಗದದ ಮೇಲೆ ಇಳಿಸಬೇಕು, ಎಷ್ಟು ಎಳೆ, ಯಾವ ಕಡೆಯಿಂದ ಶುರು ಅಂತ ಪಕ್ಕದಲ್ಲಿ ಬರೆಯಬೇಕು. ಬರೆಯುವುದಕ್ಕೆ ನನ್ನ ಮಗಳು ಬರುತ್ತಾಳೆ, ರಜೆಯಲ್ಲಿ ಮೊಬೈಲ್ ಹಿಡಿದು ಸುಮ್ನೆ ಕೂತಿದ್ದಾಳೆ. ಕಾಗದ, ದಾರ ನಾನು ಕಳಿಸುತ್ತೇನೆ. ಅದಕ್ಕಿಂತ ಮುಂಚೆ ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ, ಚಷ್ಮಾದ ನಂಬರ್ ಬದಲಾಗಿರಬಹುದು.

ಅಣ್ಣಾ, ನೀನೂ ಕೇಳಿಸಿಕೊಳ್ಳುತ್ತಿದ್ದೀಯ ಅಲ್ವಾ? ಆ ಎರಡು ಮಧ್ಯಾಹ್ನ ಅವ್ವನ ಗುಳಿಗೆ, ಚಹಾ, ಮೊಮ್ಮಗನ ಊಟ ಎಲ್ಲ ನಿನ್ನದು. ವೈನಿ, ಸಂಘದವರು ಇನ್ನೂ ಬೇರೆ ಯಾರನ್ನೂ ಗೊತ್ತು ಮಾಡಿಲ್ಲವಂತೆ, ನಾನು ವಿಚಾರಿಸಿದ್ದೇನೆ. ಇವತ್ತು ಸಂಜೆಯೊಳಗೆ ಅವರಿಗೆ ಫೋನ್ ಮಾಡಿ, ಆಮೇಲೆ ನನಗೂ ಒಂದು ಮಾತು ತಿಳಿಸಿ.