2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಲಿನಕ್ಸ್‌ಗೆ: ಇಎಕ್ಸ್‌ಟಿ4 ಮಾಡಲೋ, ಎಕ್ಸ್‌ಫ್ಯಾಟ್ ಸಾಕೋ?

ರೊಬಸ್ಟಾ_ಸಕಲೇಶಪುರ:
ತೋಟದ ಆಫೀಸಿನ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ ಇದೆ. ಬ್ಯಾಕಪ್ಪಿಗೆ ಇಟ್ಟಿರೋ 2 ಟಿಬಿ ಯುಎಸ್‌ಬಿ ಡಿಸ್ಕ್ ಈಗ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲ್ ಜೋಡಿಸಿಡೋ ವಿಧಾನ). ಒಂದೊಂದು ಸಲ ಫೈಲ್ ಓದೋಕೆ ಬರುತ್ತೆ, ಬರೆಯೋಕೆ ಬರಲ್ಲ. ಪೂರ್ತಿ ಫಾರ್ಮ್ಯಾಟ್ ಮಾಡೋಣ ಅಂತಿದೀನಿ. ಆದರೆ ತಿಂಗಳಿಗೊಮ್ಮೆ ಲೆಕ್ಕದ ಫೈಲುಗಳನ್ನ ಹಾಸನದ ಆಡಿಟರ್ ಹತ್ರ ಇರೋ ವಿಂಡೋಸ್‌ಗೆ ಕೊಡಬೇಕು. ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತೆ, ಯುಪಿಎಸ್ ಇಲ್ಲ. ಯಾವುದು ಸರಿ?

ಟರ್ಮಿನಲ್_ಮಲ್ನಾಡ್:
ಬರೆಯೋಕೆ ಬರದೇ ಇರೋದು ಡಿಸ್ಕಿನ ದೋಷ ಅಲ್ಲದೇ ಇರಬಹುದು. ವಿಂಡೋಸ್‌ನಲ್ಲಿ ಇಜೆಕ್ಟ್ ಮಾಡದೆ ಕಿತ್ತರೆ, ಅಥವಾ ಅಲ್ಲಿ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಬೇಗ ಶುರುವಾಗೋ ಸೌಲಭ್ಯ) ಆನ್ ಇದ್ದರೆ, ಎನ್‌ಟಿಎಫ್‌ಎಸ್ ಮೇಲೆ 'ಕೆಲಸ ಮುಗಿದಿಲ್ಲ' ಅನ್ನೋ ಗುರುತು ಉಳಿಯುತ್ತೆ. ಅದನ್ನ ಕಂಡ ಲಿನಕ್ಸ್ ರೀಡ್ ಓನ್ಲಿಯಾಗಿ ಮೌಂಟ್ ಮಾಡುತ್ತೆ, ಅಂದರೆ ಓದೋಕೆ ಮಾತ್ರ ತೆರೆಯುತ್ತೆ. ಹಾಗಿದ್ದರೂ ಲಿನಕ್ಸ್ ಬ್ಯಾಕಪ್ಪಿಗೆ ಲಿನಕ್ಸ್‌ನದೇ ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಮಾಡಿಕೊಳ್ಳೋದೇ ಒಳ್ಳೇದು.

ಇರೋ ಡೇಟಾ ಮೊದಲು ಬೇರೆ ಕಡೆಗೆ ಕಾಪಿ ಮಾಡಿ. ಎನ್‌ಟಿಎಫ್‌ಎಸ್ ಅನ್ನ ಇದ್ದಲ್ಲೇ ಇಎಕ್ಸ್‌ಟಿ4 ಮಾಡೋಕೆ ಬರಲ್ಲ. ಆಮೇಲೆ ಮಿಂಟ್‌ನ 'ಡಿಸ್ಕ್ಸ್' ಆಪ್ ತೆರೆದು ಎಡಗಡೆ ಡ್ರೈವ್ ಆರಿಸಿ. ಮಾಡೆಲ್ ಹೆಸರು, 2.0 ಟಿಬಿ ಗಾತ್ರ ಎರಡೂ ನೋಡಿಕೊಳ್ಳಿ. ಒಳಗಿನ ಡಿಸ್ಕ್ ಅಳಿಸಿಕೊಂಡು ಕೂತವರು ಬಹಳ ಜನ. ಮೂರು ಚುಕ್ಕೆಯ ಮೆನುವಿನಲ್ಲಿ ಫಾರ್ಮ್ಯಾಟ್ ಡಿಸ್ಕ್, ಪಾರ್ಟಿಶನಿಂಗ್‌ಗೆ (ಡಿಸ್ಕನ್ನ ಭಾಗ ಮಾಡೋ ರೀತಿಗೆ) ಜಿಪಿಟಿ ಆರಿಸಿ. ಸೊನ್ನೆ ತುಂಬಿ ಅಳಿಸೋ ಆಯ್ಕೆ ಬೇಡ, 2 ಟಿಬಿಗೆ ಐದಾರು ಗಂಟೆ ಹಿಡಿಯುತ್ತೆ. ನಂತರ ಪ್ಲಸ್ ಒತ್ತಿ ಪಾರ್ಟಿಶನ್ ಮಾಡಿ ಇಎಕ್ಸ್‌ಟಿ4 ಆರಿಸಿ, ಲೇಬಲ್ ಕೊಡಿ.

ಬೈಟ್_ಚಿಕ್ಕಮಗಳೂರು:
ಆಡಿಟರ್‌ಗೆ ಕೊಡೋದಿದೆ ಅಂದ್ಮೇಲೆ ಪೂರ್ತಿ ಎಕ್ಸ್‌ಫ್ಯಾಟ್ ಮಾಡಿ ಬಿಡಿ, ವಿಂಡೋಸ್ ಲಿನಕ್ಸ್ ಎರಡರಲ್ಲೂ ನಡೆಯುತ್ತೆ, ತಲೆನೋವಿಲ್ಲ. ಹಳೆಯ ಫ್ಯಾಟ್32ರ ಹಾಗೆ 4 ಜಿಬಿ ಫೈಲ್ ಮಿತಿಯೂ ಇಲ್ಲ.

ಟರ್ಮಿನಲ್_ಮಲ್ನಾಡ್:
ಕರೆಂಟ್ ಹೋಗೋ ಕಡೆ ಅದೇ ತಲೆನೋವು. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ (ಮಾಡೋ ಬದಲಾವಣೆಯನ್ನ ಮೊದಲೇ ಬರೆದಿಡೋ ದಾಖಲೆ) ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಫೋಲ್ಡರೇ ಕೆಡಬಹುದು. ಇಎಕ್ಸ್‌ಟಿ4 ಮುಂದಿನ ಮೌಂಟಿನಲ್ಲಿ ಜರ್ನಲ್ ಓದಿ ತನ್ನ ರಚನೆ ಸರಿಮಾಡಿಕೊಳ್ಳುತ್ತೆ. ಅರ್ಧ ಬರೆದ ಫೈಲನ್ನ ಮಾತ್ರ ತಂದುಕೊಡಲ್ಲ. ಎಕ್ಸ್‌ಫ್ಯಾಟ್ ಲಿನಕ್ಸ್‌ನ ಮಾಲೀಕತ್ವ, ಪರ್ಮಿಶನ್, ಸಿಮ್‌ಲಿಂಕ್ (ಬೇರೆ ಫೈಲಿಗೆ ಬೆರಳು ತೋರಿಸೋ ಕೊಂಡಿ) ಯಾವುದನ್ನೂ ಇಡಲ್ಲ, ಹೋಮ್ ಫೋಲ್ಡರ್ ಆರ್‌ಸಿಂಕ್ (ಲಿನಕ್ಸ್‌ನ ಕಾಪಿ ಕಮಾಂಡ್) ಮಾಡಿದರೆ ಎರರ್ ಸುರಿಯುತ್ತೆ.

ಎರಡು ಪಾರ್ಟಿಶನ್ ಮಾಡಿ: ಮೊದಲು 100 ಜಿಬಿ ಎಕ್ಸ್‌ಫ್ಯಾಟ್, ಉಳಿದದ್ದು ಇಎಕ್ಸ್‌ಟಿ4. ಎಕ್ಸ್‌ಫ್ಯಾಟ್ ಆಯ್ಕೆ ಮಂಕಾಗಿದ್ದರೆ ಎಕ್ಸ್‌ಫ್ಯಾಟ್‌ಪ್ರಾಗ್ಸ್ ಪ್ಯಾಕೇಜ್ ಹಾಕಿ. ಇಎಕ್ಸ್‌ಟಿ4 ಭಾಗ ವಿಂಡೋಸ್‌ಗೆ ಓದೋಕೆ ಬರಲ್ಲ, ಅದಕ್ಕೆ 'ಫಾರ್ಮ್ಯಾಟ್ ಮಾಡಬೇಕಾ' ಅಂತ ಕೇಳಿದರೆ ಕ್ಯಾನ್ಸಲ್ ಒತ್ತೋಕೆ ಆಡಿಟರ್ ಆಫೀಸಿನವರಿಗೆ ಹೇಳಿಡಿ. ನನ್ನ ಕೇಳಿದರೆ, ಬ್ಯಾಕಪ್ ಡಿಸ್ಕು ತೋಟ ಬಿಟ್ಟು ಹಾಸನಕ್ಕೆ ಹೋಗಲೇಬಾರದು, ಲೆಕ್ಕಕ್ಕೆ ಒಂದು ಪೆನ್‌ಡ್ರೈವ್ ಸಾಕು.

ಬೈಟ್_ಚಿಕ್ಕಮಗಳೂರು:
ಪೆನ್‌ಡ್ರೈವ್ ಮಾತು ಒಪ್ಪಿದೆ.

ರೊಬಸ್ಟಾ_ಸಕಲೇಶಪುರ:
ಹಾಗಾದ್ರೆ ಪೂರ್ತಿ ಇಎಕ್ಸ್‌ಟಿ4. ಮಾಡಿದ್ದಾಯ್ತು. ಖಾಲಿ ಡಿಸ್ಕಲ್ಲಿ ಸುಮಾರು 100 ಜಿಬಿ ಕಮ್ಮಿ ತೋರಿಸ್ತಿದೆ, ಕಾಪಿ ಮಾಡದೇ ಇದ್ರೂ ಲೈಟ್ ಮಿಣಮಿಣ ಅಂತಿದೆ.

ಟರ್ಮಿನಲ್_ಮಲ್ನಾಡ್:
ಎರಡೂ ಸಹಜ. ಇಎಕ್ಸ್‌ಟಿ4 ಶೇ. 5 ಜಾಗವನ್ನ ರೂಟ್‌ಗೆ (ಲಿನಕ್ಸ್‌ನ ಅಡ್ಮಿನ್ ಖಾತೆಗೆ) ಮೀಸಲಿಡುತ್ತೆ. ಬ್ಯಾಕಪ್ ಡಿಸ್ಕಿಗೆ ಅದು ಬೇಡ. ಟರ್ಮಿನಲ್‌ನಲ್ಲಿ ಟ್ಯೂನ್2ಎಫ್‌ಎಸ್ ಕಮಾಂಡ್‌ಗೆ ಮೈನಸ್ ಎಂ 0 ಕೊಟ್ಟರೆ ವಾಪಸ್ ಬರುತ್ತೆ. ಕೊಡೋದು ಪಾರ್ಟಿಶನ್ ಹೆಸರು, ಅಂದರೆ ಎಸ್‌ಡಿಬಿ1 ತರದ್ದು, ಬರೀ ಎಸ್‌ಡಿಬಿ ಅಲ್ಲ. ನಿಮ್ಮಲ್ಲಿ ಅಕ್ಷರ ಬೇರೆ ಇರಬಹುದು, ಡಿಸ್ಕುಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಓಡಿಸಿ ನೋಡಿ. ಲೈಟ್ ಮಿಣುಕೋದು ಐನೋಡ್ ಟೇಬಲ್ (ಫೈಲುಗಳ ವಿವರ ಇಡೋ ಪಟ್ಟಿ) ಹಿನ್ನೆಲೆಯಲ್ಲಿ ತಯಾರಾಗ್ತಿರೋದಕ್ಕೆ, ತಾನಾಗೇ ನಿಲ್ಲುತ್ತೆ.

ಬೈಟ್_ಚಿಕ್ಕಮಗಳೂರು:
ಬೂಟ್ ಆಗುವಾಗ ತಾನಾಗೇ ಮೌಂಟ್ ಆಗೋ ಡಿಸ್ಕುಗಳ ಪಟ್ಟಿ ಇರೋ ಎಫ್‌ಎಸ್‌ಟ್ಯಾಬ್ ಫೈಲಿಗೆ ಸೇರಿಸೋದಾದರೆ ಎಸ್‌ಡಿಬಿ ಹೆಸರು ಬೇಡ, ಯುಯುಐಡಿ (ಪಾರ್ಟಿಶನ್ನಿನ ಬದಲಾಗದ ಗುರುತು ಸಂಖ್ಯೆ) ಹಾಕಿ, ಜೊತೆಗೆ ನೋಫೇಲ್ ಅನ್ನೋ ಆಯ್ಕೆ. ನೋಫೇಲ್ ಇಲ್ಲದಿದ್ದರೆ ಡಿಸ್ಕ್ ಸಿಕ್ಕಿಸದ ದಿನ ಬೂಟ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ (ರಿಪೇರಿಗೆ ಮಾತ್ರ ಇರೋ ಸ್ಥಿತಿಗೆ) ಬೀಳುತ್ತೆ.